ಮಜ್ಜಿಗೆ ಬಳಿದ ಬೆಟ್ಟ

ನನ್ನ ಮೂಗಿನಂಥ ಮೂಗು ಆಲ್ಬ್ ಬೆಟ್ಟದ ಈಚೆಗೂ ಇಲ್ಲ, ಆಚೆಗೂ ಇಲ್ಲ. ಇಪ್ಪತ್ತೊಂಬತ್ತು ವರ್ಷ ನಮ್ಮೂರಿನ ಹಾಲಿನ ಕಟ್ಟೆಯಲ್ಲಿ ಕೂತು, ಸಂಜೆ ರೈತರು ತಂದ ಕ್ಯಾನುಗಳ ಮುಚ್ಚಳ ತೆಗೆದು ಮೂಸಿ, ‘ಸರಿ’ ಅಥವಾ ‘ವಾಪಸ್’ ಎಂದವಳು ಈ ರೊಸೀನ. ಮಾಪಕವಿರಲಿಲ್ಲ, ಮದ್ದಿರಲಿಲ್ಲ, ಇದ್ದದ್ದು ಮೂಗೊಂದೇ. ಹಸು ಬೆಳಗ್ಗೆ ಗೆಡ್ಡೆ ತಿಂದಿತ್ತೋ ಒದ್ದೆ ಹುಲ್ಲು ತಿಂದಿತ್ತೋ, ಯಜಮಾನ ಕೈ ತೊಳೆದು ಕರೆದನೋ ತೊಳೆಯದೆಯೋ, ಎಲ್ಲವನ್ನೂ ಮುಚ್ಚಳ ಅರ್ಧ ಏಳುವಷ್ಟರಲ್ಲಿ ಹೇಳುತ್ತಿದ್ದೆ. ಊರಿನ ಮುಖ್ಯಸ್ಥನ ಹಾಲನ್ನೇ ಹನ್ನೊಂದು ಸಲ ಚರಂಡಿಗೆ ಚೆಲ್ಲಿಸಿದ್ದೇನೆ. ಹನ್ನೆರಡನೇ ಸಲಕ್ಕೆ ಅವನು ಹಸುಗಳನ್ನೇ ಮಾರಿಬಿಟ್ಟ.

ಅಂಥ ಮೂಗಿಗೆ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಬಂದ ಗತಿಯನ್ನು ಕೇಳಿ.

ಮನೆ ನನ್ನ ಗಂಡ ಕಟ್ಟಿಸಿದ್ದು. ಕೆಳಗಿನ ಎರಡು ಕೋಣೆ ನನ್ನವು. ಮೇಲೆ ಮಗಳು ಗೆರ್ಲಿಂಡೆ, ಅಳಿಯ ಓಟ್ಮಾರ್, ಮೊಮ್ಮಗಳು ತಬೇಯ. ಮಧ್ಯಾಹ್ನದ ಊಟ ಮಾತ್ರ ಎಲ್ಲರದೂ ಮೇಲೆ, ಒಟ್ಟಿಗೆ. ಮೆಟ್ಟಿಲು, ಅಂಗಳ, ಬೀದಿಯಂಚು ಗುಡಿಸುವ ಕೆಲಸ ಒಂದು ವಾರ ಅವರದು, ಒಂದು ವಾರ ನನ್ನದು. ಯಾರ ವಾರವೋ ಅವರ ಬಾಗಿಲಿಗೆ ‘ಗುಡಿಸುವ ವಾರ’ ಎಂದು ಕೊರೆದ ಮರದ ಹಲಗೆ ತೂಗುತ್ತದೆ. ನಮ್ಮ ಬೀದಿಯವರು ಗಂಡನನ್ನು ಬಿಟ್ಟು ಓಡಿಹೋದವಳನ್ನು ಕ್ಷಮಿಸಿದ್ದಾರೆ. ಹಲಗೆ ತೂಗುವಾಗ ಗುಡಿಸದವಳನ್ನು ಕ್ಷಮಿಸಿಲ್ಲ.

ಆ ವರ್ಷ ವಸಂತದಲ್ಲಿ ಗೆರ್ಲಿಂಡೆಯ ಹೆಣಿಗೆ ಕಾರ್ಖಾನೆ ಮುಚ್ಚಿತು. ಐವತ್ತೆರಡು ವರ್ಷದವಳಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ? ಅವಳು ಅಳುತ್ತ ಕೂರಲಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲೆಲ್ಲ ಮನೆಯಲ್ಲಿ ನೋಡಿಕೊಳ್ಳುತ್ತೇನೆಂದು ತರಬೇತಿಗೆ ಹೋದಳು, ಪರೀಕ್ಷೆ ಮುಗಿಸಿದಳು. ಇನ್ನು ಉಳಿದದ್ದು ಅನುಮತಿ. ಮಕ್ಕಳ ಯೋಗಕ್ಷೇಮದ ಕಚೇರಿಯಿಂದ ಒಬ್ಬಾಕೆ ಬಂದು ಮನೆ, ಕಕ್ಕಸು, ಹಿತ್ತಲು ನೋಡಿ ಸಹಿ ಹಾಕಬೇಕು. ಐದು ಮಕ್ಕಳು ಓಡಾಡುವಷ್ಟು ಹುಲ್ಲು ಮತ್ತು ಚೊಕ್ಕಟವಾದ ನೆಲ ಇರಲೇಬೇಕು. ಆಕೆ ಬರುವ ದಿನ ಆಗಸ್ಟಿನ ಎರಡನೇ ಮಂಗಳವಾರ ಎಂದು ಗೊತ್ತಾಯಿತು. ಗೆರ್ಲಿಂಡೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಚೌಕಕ್ಕೆ ಕೆಂಪು ಸುತ್ತು ಹಾಕಿದಳು.

ಹಿತ್ತಲಲ್ಲಿ ಹುಲ್ಲು ಬೇಕಾದಷ್ಟಿತ್ತು. ಆದರೆ ಹಿತ್ತಲಲ್ಲಿ ಓಟ್ಮಾರನೂ ಇದ್ದ.

ಕಾರಿನ ಗೇರ್‌ಬಾಕ್ಸ್ ಮಾಡುವ ಕಾರ್ಖಾನೆಯಿಂದ ಐವತ್ತೇಳಕ್ಕೇ ನಿವೃತ್ತನಾಗಿ ಬಂದವನು, ಮೇ ತಿಂಗಳ ಒಂದು ಬೆಳಗ್ಗೆ ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದ. ಅವನಿಗೆ ರೈಲು ಬೇಕಿತ್ತು. ಮೇಜಿನ ಮೇಲಿಡುವ ಆಟಿಕೆಯಲ್ಲ, ಮಳೆ ಬಿಸಿಲಲ್ಲಿ ಮಣ್ಣಿನ ಮೇಲೆ ಓಡುವಂಥದು. ಹಿತ್ತಾಳೆಯ ಹಳಿ, ಕಂದು ಅಡ್ಡಪಟ್ಟಿಗಳು, ನಮ್ಮ ಬೆಕ್ಕಿನಷ್ಟು ಉದ್ದದ ಎಂಜಿನ್ನು. ನಮ್ಮ ಬೆಕ್ಕು ಕರುವಿನಷ್ಟಿತ್ತು ಎಂಬುದನ್ನು ಮರೆಯಬೇಡಿ.

“ಬೇಲಿ ಪಕ್ಕ ಮಾತ್ರ ಕಣೇ,” ಅಂದ ಹೆಂಡತಿಗೆ. “ಒಂದು ಮೊಳ ಅಗಲ. ನಿನ್ನ ಮಕ್ಕಳಿಗೂ ನೋಡೋಕೆ ಚೆನ್ನಾಗಿರುತ್ತೆ.”

“ಒಂದೇ ಮೊಳ. ಮಾತು ಕೊಡಿ.”

“ಕೊಟ್ಟೆ.”

ಮೇ ಮುಗಿಯುವಾಗ ಹಳಿ ಬೇಲಿಯ ಪಕ್ಕದಲ್ಲಿತ್ತು. ಜೂನಿನಲ್ಲಿ ತಿರುವು ಸಾಲದು ಎಂದು ಹುಲ್ಲಿನೊಳಕ್ಕೆ ಎರಡು ಹೆಜ್ಜೆ ಬಂತು. ಸಣ್ಣ ತಿರುವಿನಲ್ಲಿ ಉದ್ದ ಬೋಗಿಗಳು ಉರುಳುತ್ತವಂತೆ. ಆಮೇಲೆ ಎದುರು ಬರುವ ರೈಲಿಗೆ ದಾರಿ ಬೇಡವೇ ಎಂದು ಇನ್ನೊಂದು ಸುತ್ತು, ಸುತ್ತಿನೊಳಗೊಂದು ನಿಲ್ದಾಣ. ಜುಲೈ ಹೊತ್ತಿಗೆ ಗೆರ್ಲಿಂಡೆಯ ಹುಲ್ಲು ನಮ್ಮ ಊಟದ ಮೇಜಿನಷ್ಟು ಉಳಿದಿತ್ತು. ಮೂಲೆಯಲ್ಲಿ ತಂತಿಬಲೆಯ ಮೇಲೆ ಕಾಂಕ್ರೀಟು ಸುರಿದು ಬೆಟ್ಟವೊಂದನ್ನು ಎಬ್ಬಿಸಿದ್ದ. ಅದರ ಹೊಟ್ಟೆಯಲ್ಲಿ ಚರಂಡಿ ಕೊಳವೆಯ ಸುರಂಗ. ಎತ್ತರ ಅವನ ಸೊಂಟದಷ್ಟು ಎಂದು ಬೇರೆಯವರು ಹೇಳುತ್ತಾರೆ. ನನ್ನ ಕಿಟಕಿಯಿಂದ ನೋಡಿದರೆ ಸೂರ್ಯನೇ ಕಾಣುತ್ತಿರಲಿಲ್ಲ.

ಹುಲ್ಲಿನ ಮಾತು ಅವರಿಬ್ಬರದು. ನನಗೆ ಬೇಕಾದದ್ದು ಶುಚಿ. ಹಳಿಗೆ ಹಾಸುವ ಜಲ್ಲಿಯನ್ನು ಆ ಮನುಷ್ಯ ಯಾವುದರಲ್ಲಿ ಸೋಸುತ್ತಿದ್ದ ಗೊತ್ತೇ? ಶಾವಿಗೆ ಬಸಿಯುವ ಜಾಲರಿ ಪಾತ್ರೆಯಲ್ಲಿ! ಅದು ನನಗೆ ಗೊತ್ತಾದದ್ದು ಒಂದು ಗುರುವಾರ, ಮಸೂರದ ಸಾರು ಮತ್ತು ಮೊಟ್ಟೆ ಶಾವಿಗೆಯ ಊಟದಲ್ಲಿ, ಬಾಯಲ್ಲಿ ಕಟ್ ಎಂದಾಗ.

“ಏನಾಯ್ತಮ್ಮ?” ಅಂದಳು ಗೆರ್ಲಿಂಡೆ.

ತಟ್ಟೆಯಂಚಿಗೆ ಉಗಿದೆ. ಒಂದು ಕಲ್ಲು, ಅದರ ಪಕ್ಕದಲ್ಲಿ ನನ್ನ ಹಲ್ಲಿನ ಚೂರು.

“ಕಟ್ಟಿಸಿದ ಹಲ್ಲು ತಾನೇ,” ಅಂದ ಓಟ್ಮಾರ್.

“ಕಟ್ಟಿಸಿದ್ದು ನನ್ನ ದುಡ್ಡಲ್ಲಿ ಕಣಪ್ಪ. ನಿನ್ನ ರೈಲು ನನ್ನ ಬಾಯೊಳಗೂ ಬಂತಲ್ಲ, ಇಲ್ಲೂ ಒಂದು ನಿಲ್ದಾಣ ಕಟ್ತೀಯಾ?”

ತಬೇಯ ನಕ್ಕು ಸಾರನ್ನು ಮೂಗಿಗೇರಿಸಿಕೊಂಡಳು. ಹತ್ತೊಂಬತ್ತರ ಹುಡುಗಿ, ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಕೋಳಿ ಕೂಗುವ ಮೊದಲೇ ಹೋಗಿ ಊಟಕ್ಕೆ ಬಂದು, ಮಧ್ಯಾಹ್ನವೆಲ್ಲ ಹಿತ್ತಲ ಕಡೆಯ ಕೋಣೆಯಲ್ಲಿ ಮಲಗುವವಳು.

“ಅಪ್ಪಾ, ಕೈ ತೋರಿಸು,” ಅಂದಳು.

ತೋರಿಸಿದ. ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಲೋಳೆ, ನೂಲಿನ ಹಾಗೆ ಎಳೆ ಎಳೆಯಾಗಿ. ನಮ್ಮ ಕಡೆಯ ಚಿಪ್ಪಿಲ್ಲದ ಬಸವನಹುಳುಗಳು ಬೆಳಗಿನ ತಂಪಿಗೆ ಹಳಿಯ ಮೇಲೆ ಹರಿಯುತ್ತವೆ, ಎಂಜಿನ್ನು ಅವನ್ನು ಅರೆಯುತ್ತದೆ, ಚಕ್ರ ಲೋಳೆಯಲ್ಲಿ ಜಾರುತ್ತ ನಿಂತಲ್ಲೇ ತಿರುಗುತ್ತದೆ. ಓಟ್ಮಾರ್ ಆ ಲೋಳೆಯನ್ನು ಬೆರಳಲ್ಲಿ ಬಾಚಿ, ಚಡ್ಡಿಗೆ ಒರೆಸಿ, ಬ್ರೆಡ್ ಮುರಿಯಲು ಕೂರುತ್ತಿದ್ದ. ಛೀ!

“ಎದ್ದು ತೊಳೀರಿ,” ಅಂದಳು ಗೆರ್ಲಿಂಡೆ, ದನಿ ಎತ್ತದೆ. “ಬರೋ ವಾರ ಹುಲ್ಲಿನ ಮೇಲಿರೋ ಸುತ್ತು ಕಿತ್ತುಹಾಕ್ತೀರಿ. ಆಕೆ ಬರೋ ಹೊತ್ತಿಗೆ ಹುಲ್ಲು ಬೇಕು ನನಗೆ.”

“ನಮ್ಮ ರೈಲು ಸಂಘದವರು ಆಗಸ್ಟ್ ಮೂರನೇ ತಾರೀಕು ಭಾನುವಾರ ಬರ್ತಾರೆ. ಅವರು ನೋಡ್ಕೊಂಡು ಹೋಗಲಿ. ಸೋಮವಾರ ಕೀಳ್ತೀನಿ.”

“ಸೋಮವಾರ?”

“ಸೋಮವಾರ.”

“ಬೆಟ್ಟ?”

“ಬೆಟ್ಟ ಕಾಂಕ್ರೀಟು ಕಣೇ! ಅದು ಮೂಲೇಲಿದೆ. ಅದಕ್ಯಾಕೆ ಕಣ್ಣು ಹಾಕ್ತೀಯ?”

ಬೆಟ್ಟದ ಆಸೆಯನ್ನು ಬಿಡುವವನಲ್ಲ ಅವನು. ಹಿತ್ತಲ ರೈಲಿನ ಗೆಳೆಯರ ಸಂಘವೆಂದರೆ ಒಂಬತ್ತು ಜನ ಹೊಟ್ಟೆ ಬಂದ ಗಂಡಸರು, ಬೇಸಿಗೆಯಲ್ಲಿ ಒಬ್ಬೊಬ್ಬರ ಹಿತ್ತಲಿಗೂ ಹೋಗಿ ಕಾಫಿ ಕುಡಿದು, ಕೇಕು ತಿಂದು, ಇನ್ನೊಬ್ಬರ ಹಳಿಯಲ್ಲಿ ಡೊಂಕು ಹುಡುಕಿ ಬರುವವರು. ಅವರಿಗೆ ಬೂದು ಬಣ್ಣದ ಹೊಸ ಕಾಂಕ್ರೀಟನ್ನು ತೋರಿಸುವುದು ಅವಮಾನ. ಬೆಟ್ಟ ಅಂದರೆ ನೂರು ವರ್ಷದ ಹಾಗೆ ಕಾಣಬೇಕು, ಹಸಿರು ಪಾಚಿ ಹತ್ತಬೇಕು. ಅದಕ್ಕೆ ಮಜ್ಜಿಗೆ ಬಳಿಯಬೇಕೆಂದು ಅವರ ಸಂಘದ ಪತ್ರಿಕೆಯಲ್ಲಿ ಬಂದಿತ್ತು.

ಹಾಲು, ಮಜ್ಜಿಗೆ ಎಂದ ಮೇಲೆ ಈ ಊರಲ್ಲಿ ಯಾರ ಬಾಗಿಲು ತಟ್ಟಬೇಕು? ಬಂದ.

“ಅತ್ತೆ, ಬರೀ ಮಜ್ಜಿಗೆ ಬಳಿದರೆ ಸಾಕಾ?”

ಇಲ್ಲಿ ನನ್ನ ಜಾಣತನ ನೋಡಿ. ಅವನು ಸೋಮವಾರ ಕೀಳುವವನಲ್ಲ ಎಂದು ನನಗೆ ಗೊತ್ತಿತ್ತು. ಭಾನುವಾರ ಸಂಘದವರ ಎದುರು ಆ ಬೆಟ್ಟ ಹಳ್ಳಿಯನ್ನೇ ಎಬ್ಬಿಸುವಂತೆ ನಾರಿದರೆ, ಒಂಬತ್ತು ಜನ ಮೂಗು ಮುಚ್ಚಿಕೊಂಡು ಓಡಿದರೆ, ನಾಚಿಕೆಗಾದರೂ ಎಲ್ಲವನ್ನೂ ಕಿತ್ತೆಸೆಯುತ್ತಾನೆ. ಕಚೇರಿಯಾಕೆ ಬರಲು ಆಮೇಲೂ ಒಂಬತ್ತು ದಿನ ಇರುತ್ತದೆ. ಅಷ್ಟರಲ್ಲಿ ಒಂದು ಮಳೆ ಬಂದರೆ ವಾಸನೆ ಹೋಗುತ್ತದೆ, ಮಗಳಿಗೆ ಹುಲ್ಲು ಸಿಗುತ್ತದೆ. ಮಳೆ ಬರುವುದನ್ನು ನನ್ನ ಎಡ ಮಂಡಿ ವಾರದ ಮೊದಲೇ ಹೇಳುತ್ತದೆ, ಮೂಗಿನಷ್ಟೇ ಖ್ಯಾತಿ ಅದಕ್ಕೂ ಇದೆ. ಮಂಡಿ ಹೇಳುತ್ತಿತ್ತು.

“ಬರೀ ಮಜ್ಜಿಗೆಗೆ ಪಾಚಿ ತಿರುಗಿ ಕೂಡ ನೋಡಲ್ಲ,” ಅಂದೆ. “ಹತ್ತು ಲೀಟರ್ ತಗೋ. ಮುಚ್ಚಳ ಹಾಕಿ ನಾಕು ದಿನ ಬಿಸಿಲಲ್ಲಿ ಇಡು. ಅದಕ್ಕೆ ಒಂದು ಬಕೆಟ್ ಕುದುರೆ ಲದ್ದಿ, ಹಸಿದು. ಎರಡು ಸೇರು ಮೀನಿನ ಪುಡಿ. ಅರ್ಧ ಬಾಟ್ಲಿ ಬೀಟ್‌ರೂಟಿನ ಕಾಕಂಬಿ. ಕೈಯಲ್ಲೇ ಕಲಸಬೇಕು, ಕೋಲು ಹಾಕಬಾರದು.”

“ಮೀನಿನ ಪುಡಿ ಯಾಕತ್ತೆ?”

“ನೀನು ಗೇರ್‌ಬಾಕ್ಸ್ ಮಾಡುವಾಗ ನಾನು ಬಂದು ಕೇಳಿದ್ನಾ?”

ಅವನು ಒಂದೊಂದನ್ನೂ ಚೀಟಿಯಲ್ಲಿ ಬರೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದ.

ಆ ಬೇಸಿಗೆಯ ಧಗೆ ನಿಮಗೆ ನೆನಪಿರಬಹುದು. ಯೂರೋಪಿಗೆ ಯೂರೋಪೇ ಬೆಂದ ವರ್ಷ. ನಮ್ಮ ಹೊಳೆಯಲ್ಲಿ ಮೀನುಗಳು ಬೆವರು ಒರೆಸಿಕೊಳ್ಳುತ್ತಿದ್ದವು. ಡಬ್ಬಿ ನಾಲ್ಕು ದಿನ ಬಿಸಿಲಲ್ಲಿ ಊದಿ ಗುಂಡಗಾಗಿ ಕೂತಿತ್ತು. ಮಂಗಳವಾರ ಮುಚ್ಚಳ ತೆಗೆದಾಗ ಅದು ಏದುಸಿರು ಬಿಟ್ಟಿತು. ಓಟ್ಮಾರ್ ಮೊಣಕೈ ತನಕ ಕೈ ಇಳಿಸಿ ಕಲಸಿ, ಗೋಡೆಗೆ ಸುಣ್ಣ ಬಳಿಯುವ ಕುಂಚದಿಂದ ಬೆಟ್ಟಕ್ಕೆಲ್ಲ ಬಳಿದ. ಸುರಂಗದೊಳಕ್ಕೂ ತೋಳು ತೂರಿಸಿ ಬಳಿದ.

ಆ ವಾಸನೆಯನ್ನು ಹೇಗೆ ಹೇಳಲಿ? ಮೊದಲು ಹುಳಿ, ಅದರ ಹಿಂದೆ ಲದ್ದಿ, ಅದರ ಬೆನ್ನ ಮೇಲೆ ಸತ್ತ ಮೀನು, ಎಲ್ಲದರ ಮೇಲೆ ಕಾಕಂಬಿಯ ಸಿಹಿ ಸವಾರಿ. ಆ ಸಿಹಿಯೇ ಅಸಹ್ಯ. ಬುಧವಾರ ನೊಣ ಬಂದವು, ಬೆಟ್ಟ ಕಪ್ಪಾಗಿ ಕಂಡಿತು, ಹತ್ತಿರ ಹೋದರೆ ಕಪ್ಪು ಎದ್ದು ಹಾರಿತು. ಗುರುವಾರ ಬಳಿದದ್ದರ ಸಂದುಗಳಲ್ಲಿ ಬಿಳಿ ಹುಳು ಮಿಸುಕಾಡಿದವು, ಅನ್ನ ಕುದಿಯುವ ಹಾಗೆ. ಮಳೆಯಂತೂ ಬರಲಿಲ್ಲ. ನೀರು ಹೊಡೆದು ತೊಳೆಯೋಣವೆಂದರೆ ಬರದ ಕಾರಣ ಹಿತ್ತಲಿಗೆ ಕೊಳವೆ ನೀರು ಬಿಡಬಾರದೆಂದು ಊರಲ್ಲೆಲ್ಲ ಚೀಟಿ ಅಂಟಿಸಿದ್ದರು. ಆ ಧಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಬೇಯುವುದೋ, ತೆಗೆದು ವಾಂತಿ ಮಾಡಿಕೊಳ್ಳುವುದೋ, ಅಷ್ಟೇ ನಮ್ಮ ಆಯ್ಕೆ.

“ಅಜ್ಜಿ, ನನ್ನ ದಿಂಬು ಕೂಡ ನಾರ್ತಿದೆ,” ಎಂದು ತಬೇಯ ಹಾಸಿಗೆ ಹೊತ್ತುಕೊಂಡು ಬೀದಿ ಕಡೆಯ ನನ್ನ ಕೋಣೆಗೆ ಇಳಿದು ಬಂದಳು. “ಬೇಕರೀಲಿ ನನ್ನನ್ನ ಹಿಟ್ಟಿನ ಹತ್ರ ಬಿಡ್ತಿಲ್ಲ. ಕೂದಲಲ್ಲಿ ವಾಸನೆ ಇದೆಯಂತೆ.”

“ಇನ್ನು ಮೂರು ದಿನ ತಡ್ಕೋ ಮರಿ.”

“ಮೂರೇ ದಿನ ಅಂತ ನಿಂಗೆ ಹೇಗೆ ಗೊತ್ತು?”

“ನನ್ನ ಮೂಗಿಗೆ ಗೊತ್ತು.”

ಶುಕ್ರವಾರ ಬೆಳಗ್ಗೆ ಫೋನು ಬಂತು. ಗೆರ್ಲಿಂಡೆ ಎತ್ತಿದವಳು, ‘ಆಗಲಿ, ಆಗಲಿ’ ಎಂದು ಇಟ್ಟು, ಅಲ್ಲೇ ಕುರ್ಚಿಗೆ ಕುಸಿದಳು.

“ಕಚೇರಿಯಾಕೆ ರಜೆ ಮೇಲೆ ಹೋಗ್ತಾಳಂತೆ. ಹೇಳಿದ್ದ ಮಂಗಳವಾರ ಆಗಲ್ವಂತೆ. ಇವತ್ತು ಬರ್ತಾಳಂತೆ.”

“ಇವತ್ತು ಎಷ್ಟು ಹೊತ್ತಿಗೆ?” ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಮೂರು ಗಂಟೆಗೆ.”

ಆಮೇಲೆ ನಡೆದದ್ದನ್ನು ನಮ್ಮ ಬೀದಿಯವರು ಈಗಲೂ ಹೇಳುತ್ತಾರೆ. ಸ್ನಾನದ ತೊಟ್ಟಿಯ ನೀರು, ಆಲೂಗೆಡ್ಡೆ ಬೇಯಿಸಿದ ನೀರು, ಪಾತ್ರೆ ತೊಳೆದ ನೀರು, ಹನ್ನೆರಡು ಬಾಟಲಿ ವಿನೆಗರ್, ಎಲ್ಲವನ್ನೂ ಬಕೆಟ್ಟಿನಲ್ಲಿ ಹೊತ್ತೆವು. ಓಟ್ಮಾರ್ ಈಜುಚಡ್ಡಿ ತೊಟ್ಟು ಮಂಡಿಯೂರಿ ಪಾತ್ರೆ ಉಜ್ಜುವ ಬ್ರಷ್ಷಿನಿಂದ ತಿಕ್ಕಿದ. ಅವನ ಬೆನ್ನಿನ ಬೆವರ ಮೇಲೆ ನೊಣಗಳು ಸಾಲಾಗಿ ಕೂತವು. ಒಣಗಿ ಮಲಗಿದ್ದ ವಾಸನೆ ನೀರು ತಾಗಿದ್ದೇ ಎದ್ದು ಕೂತಿತು. ಎದುರುಮನೆಯವರು ಊಟ ಬಿಟ್ಟು ಕಾರು ಹತ್ತಿ ಹೋದರು.

ಮೂರು ಗಂಟೆಗೆ ಕ್ಯೂಬ್ಲರ್ ಎಂಬ ಆ ಹೆಂಗಸು ಬಂದಳು. ಬಿಳಿ ಚಪ್ಪಲಿ, ಕಾಲಿನ ಉಗುರಿಗೆ ಬಣ್ಣ. ಮನೆ ನೋಡಿ ತಲೆದೂಗಿದಳು. ಕಕ್ಕಸು ನೋಡಿ ‘ಕನ್ನಡಿ ಹಾಗಿದೆ’ ಅಂದಳು. ಗೆರ್ಲಿಂಡೆಯ ಮುಖ ಅರಳಿತು. ಆಮೇಲೆ ಹಿತ್ತಲ ಬಾಗಿಲು ತೆಗೆದರು.

“ಇದೇನು?” ಎಂದು ಕರ್ಚೀಫು ಮೂಗಿಗೆ ಒತ್ತಿಕೊಂಡಳು.

“ರೈಲು ಮೇಡಂ,” ಅಂದ ಓಟ್ಮಾರ್. ಪಾಪ, ಒದ್ದೆ ಚಡ್ಡಿಯ ಮೇಲೆ ಕೋಟು ಹಾಕಿಕೊಂಡಿದ್ದ. “ಮಕ್ಕಳಿಗೆ ಬಹಳ ಇಷ್ಟ ಆಗುತ್ತೆ. ಒಂದು ಸುತ್ತು ತೋರಿಸ್ತೀನಿ.”

“ಬೇಡ ಕಣ್ರೀ,” ಅಂದಳು ಗೆರ್ಲಿಂಡೆ.

ಅವನ ಕೈ ಆಗಲೇ ಗುಂಡಿ ಒತ್ತಿತ್ತು. ಎಂಜಿನ್ನು ಸೀಟಿ ಹೊಡೆದು ಸುರಂಗಕ್ಕೆ ನುಗ್ಗಿತು. ಬೆಟ್ಟದ ಹೊರಗನ್ನು ತಿಕ್ಕಿದ್ದೆವು, ಒಳಗನ್ನು ತಿಕ್ಕಲು ಹೊತ್ತು ಸಿಕ್ಕಿರಲಿಲ್ಲ. ಆಚೆ ಬಾಯಿಂದ ರೈಲು ಹೊರಬಂದಾಗ ಅದರ ಮೂತಿಯ ಮುಂದೆ ಗಂಜಿಯಂಥದೊಂದು ಗುಡ್ಡೆ, ಗುಡ್ಡೆಯ ತುಂಬ ಹುಳು. ರೈಲು ಅದನ್ನು ನಿಧಾನವಾಗಿ, ಬಹಳ ಮರ್ಯಾದೆಯಿಂದ ತಳ್ಳಿಕೊಂಡು ಬಂದು, ನಿಲ್ದಾಣದ ತಿರುವಿನಲ್ಲಿ ಕ್ಯೂಬ್ಲರಳ ಬಿಳಿ ಚಪ್ಪಲಿಯ ಮೇಲೆ ಇಳಿಸಿತು.

ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಹುಲ್ಲಿಗೆ ಕಾಲು ಒರೆಸಲು ಹೊರಟು, ಒರೆಸಲು ಹುಲ್ಲೇ ಇಲ್ಲವೆಂದು ಕಂಡು, ಒಂಟಿ ಕಾಲಲ್ಲಿ ನಿಂತು ಗೆರ್ಲಿಂಡೆಯನ್ನು ನೋಡಿದಳು.

“ನಿಮ್ಮ ಮಗುವನ್ನ ನೀವು ಇಲ್ಲಿ ಬಿಡ್ತೀರಾ ಅಮ್ಮ?”

ಗೆರ್ಲಿಂಡೆ ನೆಲ ನೋಡಿದಳು. “ಇಲ್ಲ,” ಅಂದಳು.

“ಅಕ್ಟೋಬರಿನಲ್ಲಿ ಇನ್ನೊಂದು ಸಲ ಬರ್ತೀನಿ. ಅದೇ ಕೊನೆ.”

ಆ ಸಂಜೆ ಮೇಜಿನ ಮೇಲೆ ಬ್ರೆಡ್ಡು, ಚೀಸು, ಮೂಲಂಗಿ ಇತ್ತು. ಯಾರೂ ಮುಟ್ಟಲಿಲ್ಲ. ನಾನು ಮುಟ್ಟಿದೆ. ಏನೂ ತಿನ್ನದೆ ಕೂತರೆ ಅನುಮಾನ ಬರುತ್ತದಲ್ಲ.

“ಆ ಮೀನಿನ ಪುಡಿ ಹಾಕೋ ಬುದ್ಧಿ ನಿಮಗೆ ಯಾರು ಕೊಟ್ಟದ್ದು?” ಅಂದಳು ಗೆರ್ಲಿಂಡೆ.

ಓಟ್ಮಾರ್ ತಲೆ ಎತ್ತಿ ನನ್ನನ್ನು ನೋಡಿದ. ಪೂರ್ತಿ ನೋಡಿದ. ಅವನು ಪೆದ್ದನಲ್ಲ. ಆ ಪಾಕ ಯಾಕೆ ಹೇಳಿಕೊಟ್ಟೆನೆಂದು ಅವನಿಗೆ ಆ ಹೊತ್ತಿಗೆ ಅರ್ಥವಾಗಿತ್ತು.

“ಪತ್ರಿಕೇಲಿ ಬಂದಿತ್ತು,” ಅಂದ.

“ನಿಮ್ಮ ಪತ್ರಿಕೆಗೆ ಬೆಂಕಿ ಬೀಳಲಿ.”

“ಬೀಳಲಿ,” ಅಂದ.

ನನ್ನ ಬಾಯಲ್ಲಿದ್ದ ಚೀಸು ಸಾಬೂನಾಯಿತು. ನಲವತ್ತು ಮೈಲಿ ಸುತ್ತಳತೆಯಲ್ಲಿ ನನ್ನಷ್ಟು ಮಾತಾಡುವ ಹೆಂಗಸಿಲ್ಲ, ಅವತ್ತು ಮಾತ್ರ ಇನ್ನೊಂದು ಮೂಲಂಗಿ ಎತ್ತಿ ಬಾಯಿಗೆ ತುರುಕಿಕೊಂಡೆ.

ಭಾನುವಾರ ಸಂಘದವರಿಗೆ ಬರಬೇಡಿರೆಂದು ಹೇಳಿಕಳಿಸಿದ. ಸೋಮವಾರ ತಾನಾಗಿ ಸುತ್ತುಗಳನ್ನು ಕಿತ್ತ, ನಿಲ್ದಾಣ ಕಿತ್ತ, ಬೇಲಿ ಪಕ್ಕದ ಒಂದು ಮೊಳ ಮಾತ್ರ ಉಳಿಸಿದ. ಸುರಂಗದೊಳಗೆ ಹೆಗಲ ತನಕ ಕೈ ಹಾಕಿ ಹುಳುಗಳನ್ನು ಡಬ್ಬಿಗೆ ಬಾಚಿದ. ಗೆರ್ಲಿಂಡೆ ಅವನ ಜೊತೆ ಮಾತು ಬಿಟ್ಟಳು. ಊಟದ ತಟ್ಟೆ ಹಿತ್ತಲ ಕೊಟ್ಟಿಗೆಯ ಮೆಟ್ಟಿಲ ಮೇಲೆ ಇಡುತ್ತಿದ್ದಳು, ನಾಯಿಗೆ ಇಟ್ಟ ಹಾಗೆ. ಒಂಬತ್ತು ವಾರ ಅವನು ಅಲ್ಲೇ ತಿಂದ. ನಾನು ಮಾಂಸ ತುಂಬಿದ ಕಡುಬು ಮಾಡಿ ಕಿಟಕಿಯಿಂದ ಕೊಟ್ಟೆ.

“ಥ್ಯಾಂಕ್ಸ್ ಅತ್ತೆ,” ಅಂದ. ಬೈದಿದ್ದರೆ ಜೀರ್ಣವಾಗುತ್ತಿತ್ತು.

“ಅಜ್ಜಿ, ಅಪ್ಪನಿಗೆ ಯಾಕೆ ದಿನಾ ಕಡುಬು?” ಅಂದಳು ತಬೇಯ ಒಂದು ದಿನ. “ಅಪ್ಪನ ಹುಟ್ಟಿದಹಬ್ಬಕ್ಕೂ ನೀನು ಕಡುಬು ಮಾಡಿದ್ದಿಲ್ಲ.”

“ಹಿಟ್ಟು ಉಳಿದಿತ್ತು, ಹೋಗೇ.”

ಬೆಟ್ಟ ಒಡೆಯಲು ದೊಡ್ಡ ಸುತ್ತಿಗೆ ತಂದಿಟ್ಟಿದ್ದ. ಅಷ್ಟರಲ್ಲಿ ಸೆಪ್ಟೆಂಬರಿನ ಮಳೆ ಹಿಡಿಯಿತು. ಎರಡು ವಾರ ಸುರಿದು ನಿಂತಾಗ, ಒಂದು ಬೆಳಗ್ಗೆ ಕಿಟಕಿ ತೆಗೆದರೆ ಬೆಟ್ಟ ಹಸಿರಾಗಿತ್ತು. ಬರೀ ಹಸಿರಲ್ಲ. ಬೆರಳುದ್ದದ ಮಖಮಲ್ಲು, ಸುರಂಗದ ಬಾಯಿಂದ ತುದಿಯ ತನಕ, ಒಂದು ಉಗುರಿನಷ್ಟು ಜಾಗ ಬಿಡದೆ. ಹಳಿ ಕಿತ್ತ ಜಾಗದಲ್ಲಿ ಹೊಸ ಹುಲ್ಲೂ ಚಿಗುರಿತ್ತು. ವಾಸನೆ? ಕಾಡಿನ ವಾಸನೆ. ಸುತ್ತಿಗೆ ಕೊಟ್ಟಿಗೆಯಲ್ಲೇ ಉಳಿಯಿತು.

ಅಕ್ಟೋಬರಿನಲ್ಲಿ ಕ್ಯೂಬ್ಲರ್ ರಬ್ಬರ್ ಬೂಟು ಹಾಕಿಕೊಂಡೇ ಬಂದಳು. ಹುಲ್ಲಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ನಡೆದಳು. ಬೆಟ್ಟದ ಮುಂದೆ ಕುಕ್ಕರಗಾಲಲ್ಲಿ ಕೂತು ಪಾಚಿ ಸವರಿದಳು. “ಮಕ್ಕಳು ಇದನ್ನ ಮುಟ್ಟಿ ನೋಡಬೇಕು,” ಎಂದು ಐದು ಮಕ್ಕಳಿಗೆ ಸಹಿ ಹಾಕಿದಳು. ಗೆರ್ಲಿಂಡೆ ಕೊಟ್ಟಿಗೆಗೆ ಹೋಗಿ, “ಒಳಗೆ ಬನ್ನಿ, ಊಟ ಆರುತ್ತೆ,” ಅಂದಳು. ಒಂಬತ್ತು ವಾರದ ಮೇಲಿನ ಮೊದಲ ಮಾತು.

ಎಲ್ಲ ಅಲ್ಲಿಗೆ ಮುಗಿಯಬಹುದಿತ್ತು. ಸಂಘದ ಒಂಬತ್ತು ಜನ ಪಾಚಿಯ ಸುದ್ದಿ ಕೇಳಿ ಮುಂದಿನ ಭಾನುವಾರ ಬಂದುಬಿಟ್ಟರು. ಪ್ಲಮ್ ಹಣ್ಣಿನ ಕೇಕು, ಕೆನೆ, ಕಾಫಿ. ಹಳಿಯ ಡೊಂಕನ್ನು ಯಾರೂ ನೋಡಲಿಲ್ಲ. ಎಲ್ಲರೂ ಬೆಟ್ಟದ ಸುತ್ತ ನಿಂತು ಟೋಪಿ ತೆಗೆದರು. ಅಧ್ಯಕ್ಷ ವುಂಡರ್ಲಿಶ್, ಅವರ ನಡುವೆ ದೊಡ್ಡ ಹೊಟ್ಟೆಯವನು, ಓಟ್ಮಾರನ ಬೆನ್ನು ತಟ್ಟಿದ.

“ಪತ್ರಿಕೇಲಿ ಬರೀ ಮಜ್ಜಿಗೆ ಅಂತ ಬಂದಿತ್ತಪ್ಪ. ನಾನೂ ಬಳಿದೆ, ಒಂದು ಎಳೆ ಬರಲಿಲ್ಲ. ನೀನೇನೋ ಸೇರಿಸಿದ್ದೀಯ. ಹೇಳೋ ಕಳ್ಳ!”

“ಏನೋ ಬಿಡಿ,” ಅಂದ ಓಟ್ಮಾರ್, ನೆಲ ನೋಡುತ್ತ.

“ಮೂವತ್ತು ವರ್ಷದಲ್ಲಿ ಇಂಥ ಪಾಚಿ ನೋಡಿಲ್ಲ. ನೀನು ಮಹಾ ಮೇಧಾವಿ ಕಣಯ್ಯ!”

ಮೇಧಾವಿಯಂತೆ! ಗೇರ್‌ಬಾಕ್ಸಿನವನು! ತಡೆದುಕೊಂಡೆ. ನಿಮ್ಮಾಣೆ, ಒಂದು ಇಡೀ ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ತಡೆದುಕೊಂಡೆ.

“ಮೀನಿನ ಪುಡಿ!” ಎಂದು ಎದ್ದು ನಿಂತೆ. “ಮೀನಿನ ಪುಡಿ, ಹಸಿ ಲದ್ದಿ, ಕಾಕಂಬಿ, ನಾಕು ದಿನ ಬಿಸಿಲು! ಆ ಪಾಕ ಇವನದಲ್ಲ, ನನ್ನದು! ಈ ರೊಸೀನಳದು! ಅವನಿಗೆ ಏನು ಗೊತ್ತು?”

ಒಂಬತ್ತು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ನಡುವೆ ಕಾಫಿ ಪಾತ್ರೆ ಮೇಜಿಗೆ ತಾಗಿದ ಸದ್ದು ಕೇಳಿಸಿತು. ಗೆರ್ಲಿಂಡೆ ನನ್ನನ್ನು ನೋಡುತ್ತಿದ್ದಳು. ಆಮೇಲೆ ಗಂಡನನ್ನು ನೋಡಿದಳು. ತಿರುಗಿ ನನ್ನನ್ನು.

“ನೀನಾ ಅಮ್ಮ?”

“ನಾನು... ಮಳೆ ಬರುತ್ತೆ ಅಂದುಕೊಂಡಿದ್ದೆ ಕಣೇ. ನಿನಗೆ ಹುಲ್ಲು ಸಿಗಲಿ ಅಂತ...”

“ಒಂಬತ್ತು ವಾರ ಇವರು ಕೊಟ್ಟಿಗೇಲಿ ಉಂಡರು.”

“ಕಡುಬು ಕೊಟ್ಟೆನಲ್ಲೇ.”

ಅವಳು ಅತಿಥಿಗಳ ಕಪ್ಪುಗಳಿಗೆ ಕಾಫಿ ತುಂಬಿಸಿದಳು, ನನ್ನ ಕಪ್ಪು ದಾಟಿ. ಅವರು ಹೋದ ಮೇಲೆ ತನ್ನ ಬಾಗಿಲಿನ ಹಲಗೆ ತೆಗೆದು, ಕೆಳಗಿಳಿದು ಬಂದು, ನನ್ನ ಬಾಗಿಲಿಗೆ ತೂಗುಹಾಕಿ, ಅದರ ಹಗ್ಗಕ್ಕೆ ಒಂದು ಮೊಳೆಯನ್ನೂ ಹೊಡೆದಳು. ಮೊಳೆ ಇನ್ನೂ ಇದೆ. ಮೆಟ್ಟಿಲು, ಅಂಗಳ, ಬೀದಿಯಂಚು, ಈಗ ವಾರ ವಾರವೂ ನನ್ನದೇ.

ಸೋಮವಾರ ಐದು ಮಕ್ಕಳು ಬಂದವು. ಮಧ್ಯಾಹ್ನ ಗೆರ್ಲಿಂಡೆ ಮುಚ್ಚಳವಿರುವ ಬಿಳಿ ಡಬ್ಬಿಯೊಂದನ್ನು ನನ್ನ ಹೊಸ್ತಿಲಲ್ಲಿ ಇಟ್ಟಳು.

“ಡಯಾಪರ್ ಡಬ್ಬಿ. ದಿನಾ ಎರಡು ಸಲ ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಇಡಬೇಕು. ಬಿಸಿಲಿಗೆ ಇಡೋದು ನಿನಗೆ ಚೆನ್ನಾಗಿ ಗೊತ್ತಲ್ಲ.”

ಥೂ! ಅಂದಿನಿಂದ ಇಂದಿನ ತನಕ ದಿನಕ್ಕೆರಡು ಸಲ ಹಿತ್ತಲ ಮೂಲೆಗೆ, ಆ ದರಿದ್ರ ಹಸಿರು ಬೆಟ್ಟದ ಪಕ್ಕಕ್ಕೆ, ಡಬ್ಬಿ ಹೊತ್ತು ಹೋಗುತ್ತೇನೆ. ಬೇಲಿ ಪಕ್ಕ ಓಟ್ಮಾರನ ರೈಲು ಹೋಗುತ್ತಿರುತ್ತದೆ, ಮಕ್ಕಳು ಕಿರುಚುತ್ತಿರುತ್ತವೆ, ಅವನು ನನ್ನನ್ನು ಕಂಡಾಗಲೆಲ್ಲ ಒಂದು ಸೀಟಿ ಹೊಡೆಸುತ್ತಾನೆ. ನಾನು ಉಸಿರು ಬಿಗಿಹಿಡಿದು ಮುಚ್ಚಳ ಎತ್ತುತ್ತೇನೆ. ಬಿಗಿಹಿಡಿದು ಏನು ಪ್ರಯೋಜನ, ಮುಚ್ಚಳ ಅರ್ಧ ಏಳುವಷ್ಟರಲ್ಲೇ ನನಗೆ ಗೊತ್ತಾಗಿರುತ್ತದೆ: ದೊಡ್ಡ ಕಿವಿಯವನು ನಿನ್ನೆ ಕ್ಯಾರೆಟ್ಟು ತಿಂದಿದ್ದಾನೆ, ಅವಳಿಗಳಿಗೆ ಹಾಲು ಒಗ್ಗುತ್ತಿಲ್ಲ, ಮೂಲೆಮನೆಯ ಹುಡುಗಿಗೆ ಅವಳಮ್ಮ ಮತ್ತೆ ಮೀನು ತಿನ್ನಿಸಿದ್ದಾಳೆ. ಒಂದು ಸಲವೂ ತಪ್ಪಿಲ್ಲ.